ಮಕ್ಕಳು ಮತ್ತು ಸೆರೆಮನೆ: ಕಿತ್ತೂರಿನಿಂದ ಇಂದಿನವರೆಗೆ



ಕಿತ್ತೂರಿನ ಇತಿಹಾಸವೆಂದ ಕೂಡಲೇ ನಮಗೆ ನೆನಪಾಗುವುದು 1824ರ ಅಕ್ಟೋಬರ್ 23. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಕೋಟೆಯ ಮುಂದೆ ಹತನಾದ ದಿನ. ಪಾಠ ಮಾಡುವ ನಾವು ಅಲ್ಲಿಗೆ ಬಂದು ದನಿ ಏರಿಸುತ್ತೇವೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಅದೇ ದಿನ ಥ್ಯಾಕರೆಯ ಇಬ್ಬರು ಸಹಾಯಕರು, ಎಲಿಯಟ್ ಮತ್ತು ಸ್ಟೀವನ್ಸನ್, ಕಿತ್ತೂರಿನವರ ಕೈಯಲ್ಲಿ ಸೆರೆಯಾದರು. ಇದು ಪಾಠದಲ್ಲಿ ಒಂದು ಸಾಲಿಗಿಂತ ಹೆಚ್ಚು ಬರುವುದಿಲ್ಲ. ವಾಲ್ಟರ್ ಎಲಿಯಟ್ ಹುಟ್ಟಿದ್ದು 1803ರ ಜನವರಿಯಲ್ಲಿ. ಅಂದರೆ ಸೆರೆಸಿಕ್ಕಾಗ ಅವನಿಗೆ 21 ವರ್ಷ. ನಮ್ಮ ಕಾಲೇಜುಗಳಲ್ಲಿ ಬಿ.ಎ. ಮುಗಿಸುವ ಹುಡುಗನ ವಯಸ್ಸು.

ಆ ಹುಡುಗನನ್ನು ಕಿತ್ತೂರಿನವರು ಒಂದು ತಿಂಗಳಿಗೂ ಮಿಕ್ಕಿ ಇಟ್ಟುಕೊಂಡರು. ಹೊರಗೆ ಕಂಪನಿಯ ಸೈನ್ಯ ಸೇರುತ್ತಿತ್ತು, ಒಳಗೆ ಸಿಟ್ಟು ಕುದಿಯುತ್ತಿತ್ತು. ಆದರೂ ಅವನ ಮೈಮೇಲೆ ಯಾರೂ ಕೈಮಾಡಲಿಲ್ಲ. ಡಿಸೆಂಬರಿನ ಮೊದಲಲ್ಲಿ ಇಬ್ಬರನ್ನೂ ಸುರಕ್ಷಿತವಾಗಿ ಬಿಟ್ಟುಕೊಟ್ಟರು. ಅದಾದ ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮನನ್ನು ಕಂಪನಿಯವರು ಬೈಲಹೊಂಗಲದ ಕೋಟೆಯಲ್ಲಿಟ್ಟರು. 1829ರಲ್ಲಿ ಅವಳು ಸೆರೆಯಲ್ಲೇ ತೀರಿಕೊಂಡಳು. ಎಲಿಯಟ್ ಬದುಕಿದ. ಮುಂದೆ ನಮ್ಮ ಸೀಮೆಯ ಊರೂರು ತಿರುಗಿ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ. ಕನ್ನಡ ನಾಡಿನ ಶಾಸನಗಳ ಮೊದಲ ದೊಡ್ಡ ಸಂಗ್ರಹ ಅವನದೇ. ಸೆರೆಯಲ್ಲಿದ್ದಾಗ ಅವನಿಗೆ ಏನಾದರೂ ಆಗಿದ್ದರೆ ಆ ಸಂಗ್ರಹವೂ ಇರುತ್ತಿರಲಿಲ್ಲ.

ಒಬ್ಬನನ್ನು ಹಿಡಿದು ಒಳಗೆ ಇಟ್ಟ ಮೇಲೆ ಅವನ ಊಟ, ನಿದ್ರೆ, ಮೈಕೈ ಎಲ್ಲಕ್ಕೂ ಇಟ್ಟವನೇ ಜವಾಬ್ದಾರ. ಈ ಮಾತು ದೊಡ್ಡವರಿಗೆ ಅನ್ವಯಿಸುವುದಾದರೆ ಮಕ್ಕಳಿಗೆ ಇನ್ನೂ ಹೆಚ್ಚು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ತಪ್ಪು ಮಾಡಿದ, ಅಥವಾ ತಪ್ಪು ಮಾಡಿದನೆಂದು ಹಿಡಿದು ತಂದ ಹುಡುಗನನ್ನು ಸರಕಾರಗಳು ಎಲ್ಲಿ ಇಟ್ಟವು, ಹೇಗೆ ಇಟ್ಟವು ಎಂಬುದನ್ನು ನಿಮ್ಮ ಮುಂದೆ ಇಡಲು ಹೊರಟಿದ್ದೇನೆ. ಇದನ್ನು ಬರೆಯಲು ನನಗೆ ಸ್ವಂತದ ಕಾರಣವೂ ಒಂದಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಕಂಪನಿ ಸರಕಾರದ ಕಾಲಕ್ಕೆ ಮಕ್ಕಳಿಗೆಂದು ಬೇರೆ ತುರಂಗ ಇರಲಿಲ್ಲ. 1850ರಲ್ಲಿ ಅಪ್ರೆಂಟಿಸ್ ಕಾಯ್ದೆ ಬಂತು. ಸಣ್ಣಪುಟ್ಟ ತಪ್ಪು ಮಾಡಿದ 10ರಿಂದ 18 ವರ್ಷದವರನ್ನು ಯಾರಾದರೂ ಕಸುಬುದಾರರ ಕೈಕೆಳಗೆ ಕೆಲಸ ಕಲಿಯಲು ಹಚ್ಚಬಹುದು ಎಂದು ಅದು ಹೇಳಿತು. 1857ರಲ್ಲಿ ಮುಂಬಯಿಯಲ್ಲಿ ಡೇವಿಡ್ ಸಸೂನ್ ಎಂಬ ವ್ಯಾಪಾರಿಯ ಹೆಸರಿನಲ್ಲಿ ಇಂಥ ಹುಡುಗರಿಗಾಗಿ ಒಂದು ಸುಧಾರಣಾ ಶಾಲೆ ಶುರುವಾಯಿತು. 1860ರ ದಂಡ ಸಂಹಿತೆ ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ ಎಂದಿತು. ಏಳರಿಂದ ಹನ್ನೆರಡರವರೆಗೆ ಆ ಮಗುವಿಗೆ ತಿಳಿವಳಿಕೆ ಬಂದಿತ್ತೇ ಎಂದು ನೋಡಬೇಕು ಎಂದಿತು. ಈ ಎರಡು ಮಾತು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಉಳಿದುಕೊಂಡಿವೆ. ಹನ್ನೆರಡು ದಾಟಿದ ಹುಡುಗನ ಮಟ್ಟಿಗೆ 1860ರ ಸಂಹಿತೆ ಮೌನವಾಗಿತ್ತು. ಅವನು ದೊಡ್ಡವರ ಜೊತೆಗೇ.

ಹುಡುಗರನ್ನು ತುರಂಗಕ್ಕೆ ಕಳಿಸಿದರೆ ದೊಡ್ಡ ಕಳ್ಳರ ಸಂಗಡ ಕೂಡಿ ಕೆಡುತ್ತಾರೆ ಎಂಬುದು ಆಗಿನ ಅಧಿಕಾರಿಗಳಿಗೆ ಗೊತ್ತಿರಲಿಲ್ಲ ಎಂದಲ್ಲ. ಅದಕ್ಕೆ ಅವರು ಹುಡುಕಿದ ಮದ್ದು ಛಡಿ ಏಟು. 1864ರ ವಿಪ್ಪಿಂಗ್ ಕಾಯ್ದೆಯಂತೆ ಎಳೆಯ ಅಪರಾಧಿಗಳಿಗೆ ಬೇರೆ ಶಿಕ್ಷೆಯ ಬದಲು ಏಟು ಕೊಡಬಹುದಾಗಿತ್ತು. ಕಾಯ್ದೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಬೆತ್ತದ ದಪ್ಪವನ್ನೂ ಬರೆದಿಟ್ಟಿತ್ತು. 1898ರ ದಂಡ ಪ್ರಕ್ರಿಯಾ ಸಂಹಿತೆಯಂತೆ ಹದಿನಾರು ತುಂಬಿದವನಿಗೆ ಹೊಡೆಯುವ ಬೆತ್ತ ಹಗುರಾಗಿರಬೇಕು, ಆದರೆ ಅರ್ಧ ಇಂಚಿಗಿಂತ ಕಡಿಮೆ ದಪ್ಪ ಇರಬಾರದು. ಹದಿನಾರು ವರ್ಷದೊಳಗಿನವನಿಗೆ ಹದಿನೈದು ಏಟಿಗಿಂತ ಹೆಚ್ಚು ಹೊಡೆಯಬಾರದು. ವಿದ್ಯಾರ್ಥಿಗಳೇ, ನಿಮ್ಮ ಕಂಪಾಸ್ ಪೆಟ್ಟಿಗೆಯ ಪಟ್ಟಿಯಲ್ಲಿ ಅರ್ಧ ಇಂಚು ಎಷ್ಟೆಂದು ನೋಡಿಕೊಳ್ಳಿ. ಈ ಶಿಕ್ಷೆ ರದ್ದಾದದ್ದು ಸ್ವಾತಂತ್ರ್ಯ ಬಂದು ಎಂಟು ವರ್ಷವಾದ ಮೇಲೆ, 1955ರಲ್ಲಿ.

1876ರಲ್ಲಿ, ಮತ್ತೆ ತಿದ್ದಿ 1897ರಲ್ಲಿ, ರಿಫಾರ್ಮೇಟರಿ ಶಾಲೆಗಳ ಕಾಯ್ದೆ ಬಂತು. ಉರ್ದು ತರಗತಿಯಲ್ಲಿ ಸುಧಾರಣೆಗೆ ‘ಇಸ್ಲಾಹ್’ ಎನ್ನುತ್ತೇವೆ. ಶಿಷ್ಯನ ಶೇರಿನಲ್ಲಿ ಉಸ್ತಾದರು ಒಂದು ಪದ ತಿದ್ದಿದರೂ ಅದು ಇಸ್ಲಾಹ್, ದಾರಿ ತಪ್ಪಿದವನನ್ನು ತಿದ್ದಿದರೂ ಇಸ್ಲಾಹ್. ಉಸ್ತಾದರು ತಿದ್ದುವುದು ಪಕ್ಕದಲ್ಲಿ ಕೂಡಿಸಿಕೊಂಡು. ಈ ಕಾಯ್ದೆಯ ಇಸ್ಲಾಹ್ ಮಾತ್ರ ಮನೆಯಿಂದ ಬಹಳ ದೂರ. ಪುಣೆ ಬಳಿಯ ಯರವಡಾದಲ್ಲಿ ಇಂಥ ಶಾಲೆ ಇತ್ತು. ಸವದತ್ತಿಯಿಂದ ಅಲ್ಲಿಗೆ ಸುಮಾರು ನಾಲ್ಕು ನೂರು ಕಿಲೋಮೀಟರು. 1897ರ ಕಾಯ್ದೆಯಂತೆ ಹದಿನೈದು ವರ್ಷದೊಳಗಿನ ಹುಡುಗನನ್ನು ಮೂರರಿಂದ ಏಳು ವರ್ಷದವರೆಗೆ ಇಡಬಹುದಾಗಿತ್ತು. ಒಕ್ಕಲುತನದ ಮನೆಯ ತಾಯಿ-ತಂದೆ ಆ ಏಳು ವರ್ಷದಲ್ಲಿ ಎಷ್ಟು ಸಲ ಹೋಗಿ ನೋಡಿ ಬಂದಾರು, ನೀವೇ ಲೆಕ್ಕ ಹಾಕಿ. ಹುಡುಗಿಯರಿಗೆ ಈ ಕಾಯ್ದೆ ಅನ್ವಯಿಸುತ್ತಲೇ ಇರಲಿಲ್ಲ.

ಈ ಕಾಯ್ದೆಯ 11ನೆಯ ಕಲಮನ್ನು ನೆನಪಿಟ್ಟುಕೊಳ್ಳಬೇಕೆಂದು ನನ್ನ ವಿನಂತಿ. ಹುಡುಗನನ್ನು ರಿಫಾರ್ಮೇಟರಿಗೆ ಕಳಿಸುವ ಮೊದಲು ಮ್ಯಾಜಿಸ್ಟ್ರೇಟನು ಅವನ ವಯಸ್ಸನ್ನು ವಿಚಾರಿಸಿ ಬರೆದಿಡಬೇಕು ಎಂದು ಅದು ಹೇಳಿತು. ಜನನ ನೋಂದಣಿ ಹೆಸರಿಗಷ್ಟೇ ಇದ್ದ ಕಾಲದಲ್ಲಿ ವಯಸ್ಸು ಹೇಳುವವರು ಯಾರು? ಮೀಸೆ ಬಂದಿದೆಯೋ ಇಲ್ಲವೋ ಎಂದು ನೋಡಿದರೆ ಆಯಿತು. ಹುಡುಗನು ರಿಫಾರ್ಮೇಟರಿಗೋ ತುರಂಗಕ್ಕೋ ಎಂಬುದು ಅಂದಿನಿಂದಲೇ ಒಂದು ತಾರೀಖಿನ ಮೇಲೆ ನಿಂತುಬಿಟ್ಟಿತು.

ತಪ್ಪು ಮಾಡಿದ್ದಕ್ಕೆ ಒಳಗೆ ಹೋದ ಮಕ್ಕಳ ಮಾತು ಇದಾಯಿತು. ತಪ್ಪೇ ಮಾಡದೆ ಒಳಗೆ ಹೋದವರೂ ಇದ್ದರು. ಹುಬ್ಬಳ್ಳಿಗೆ, ಗದಗಕ್ಕೆ ಹೋದವರು ‘ಸೆಟ್ಲಮೆಂಟ್’ ಎಂಬ ಓಣಿಯ ಹೆಸರು ಕೇಳಿರುತ್ತೀರಿ. ಅದು 1911 ಮತ್ತು 1924ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗಳು ಬಿಟ್ಟುಹೋದ ಹೆಸರು. ಕೆಲವು ಜಾತಿಗಳವರು ಹುಟ್ಟುಗಳ್ಳರೆಂದು ಸರಕಾರವೇ ಠರಾಯಿಸಿ, ಕುಟುಂಬ ಸಹಿತ ತಂದು ಕಾವಲಿನಲ್ಲಿಟ್ಟ ಜಾಗಗಳವು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಕೈಗಾರಿಕಾ ಶಾಲೆಗೋ ರಿಫಾರ್ಮೇಟರಿಗೋ ಹಾಕುವ ಅಧಿಕಾರ ಆ ಕಾಯ್ದೆಯಲ್ಲಿತ್ತು. ಆ ಮಗು ಏನನ್ನೂ ಕದ್ದಿರಬೇಕಾಗಿರಲಿಲ್ಲ, ಆ ಮನೆಯಲ್ಲಿ ಹುಟ್ಟಿದ್ದೇ ಸಾಕಾಗಿತ್ತು. 1952ರಲ್ಲಿ ಕಾಯ್ದೆ ಹೋಯಿತು, ಓಣಿಯ ಹೆಸರು ಉಳಿಯಿತು. ಆ ಓಣಿಯ ಹುಡುಗನೆಂದರೆ ಇಂದಿಗೂ ಒಂದು ನಮೂನೆ ನೋಡುವ ಜನ ಇದ್ದಾರೆ. ಬೇರೆಯವರ ಮಾತೇಕೆ, ನಮ್ಮ ಓಣಿಗಳ ಹೆಸರು ಹೇಳಿದಾಗಲೂ ಹಾಗೆ ನೋಡುವವರನ್ನು ನಾವೂ ಕಂಡಿದ್ದೇವೆ.

ಧಾರವಾಡದ ಕಡೆ ಬರೋಣ. ಅಲ್ಲಿ ಎಳೆಯ ಕೈದಿಗಳಿಗೆಂದೇ ಒಂದು ತುರಂಗವಿತ್ತು. 1919-20ರಲ್ಲಿ ಸರ್ ಅಲೆಕ್ಸಾಂಡರ್ ಕಾರ್ಡ್ಯೂ ಅವರ ಅಧ್ಯಕ್ಷತೆಯ ಜೇಲು ಸಮಿತಿ ದೇಶದ ತುರಂಗಗಳನ್ನೆಲ್ಲ ನೋಡಿ, ಮಕ್ಕಳ ಜಾಗ ತುರಂಗವಲ್ಲ, ಅವರ ಖಟ್ಲೆಗೆ ಬೇರೆ ಕೋರ್ಟು ಬೇಕು ಎಂದು ವರದಿ ಕೊಟ್ಟಿತು. ಆ ಬಳಿಕ ಪ್ರಾಂತಗಳು ಒಂದೊಂದಾಗಿ ಮಕ್ಕಳ ಕಾಯ್ದೆ ಮಾಡಿದವು: ಮದ್ರಾಸು 1920ರಲ್ಲಿ, ಬಂಗಾಳ 1922ರಲ್ಲಿ, ನಮ್ಮ ಮುಂಬಯಿ 1924ರಲ್ಲಿ. 1929ರಲ್ಲಿ ಮುಂಬಯಿ ಸರಕಾರ ಬೋರ್ಸ್ಟಲ್ ಶಾಲೆಗಳ ಕಾಯ್ದೆ ಮಾಡಿದ ಮೇಲೆ ಧಾರವಾಡದ ಆ ತುರಂಗವೇ ಬೋರ್ಸ್ಟಲ್ ಶಾಲೆಯಾಯಿತು. ಬೋರ್ಸ್ಟಲ್ ಎಂಬುದು ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು. ಹದಿಹರೆಯದ ಕೈದಿಗಳನ್ನು ಬೇರೆ ಇಟ್ಟು ಕಸುಬು ಕಲಿಸುವ ಪ್ರಯೋಗ 1902ರಲ್ಲಿ ಅಲ್ಲಿ ನಡೆದದ್ದರಿಂದ ಹೆಸರೂ ಅದೇ ಆಯಿತು. ಧಾರವಾಡಕ್ಕೆ 16ರಿಂದ 21ರ ವಯಸ್ಸಿನವರು ಬರುತ್ತಿದ್ದರು. ಬೈಲಹೊಂಗಲದಿಂದ ಧಾರವಾಡವೆಂದರೆ ಅರ್ಧ ದಿನದ ದಾರಿ. ಯರವಡಾಕ್ಕೆ ಹೋಲಿಸಿದರೆ ಅಷ್ಟಾದರೂ ಹತ್ತಿರ ಬಂತು ಅನ್ನಬೇಕು.

ಕಾಯ್ದೆಯಾಯಿತೆಂದರೆ ಎಲ್ಲ ಊರಿಗೂ ಬಂತೆಂದಲ್ಲ. 1924ರ ಮುಂಬಯಿ ಕಾಯ್ದೆ ಮೊದಲು ಜಾರಿಯಾದದ್ದು 1927ರಲ್ಲಿ, ಅದೂ ಮುಂಬಯಿ ನಗರದಲ್ಲಿ ಮಾತ್ರ. ಉಳಿದ ಕಡೆ ಒಂದೊಂದೇ ಪ್ರದೇಶಕ್ಕೆ ವಿಸ್ತರಿಸುತ್ತ ಹೋದರು. ನಮ್ಮ ನಾಲ್ಕು ಊರುಗಳಲ್ಲಿ ರಾಮದುರ್ಗದ ಕಥೆಯಂತೂ ಬೇರೆಯೇ. ಸವದತ್ತಿ ಆಗ ಪರಸಗಡ ತಾಲೂಕಿನ ಕಚೇರಿ ಇದ್ದ ಊರು, ಮುಂಬಯಿ ಇಲಾಖೆಗೆ ಸೇರಿದ್ದು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಎರಡೂ ಊರಿಗೆ ಮಲಪ್ರಭೆಯ ನೀರೇ, ಆದರೆ ಮುಂಬಯಿ ಶಾಸನಸಭೆ ಮಾಡಿದ ಕಾಯ್ದೆಗೆ ಸಂಸ್ಥಾನದ ಗಡಿ ದಾಟುವ ಹಕ್ಕಿರಲಿಲ್ಲ. 1939ರ ಏಪ್ರಿಲ್ 7ರಂದು, ಮುಖಂಡರನ್ನು ಬಂಧಿಸಿದ ಸಿಟ್ಟಿಗೆ ಜನರು ರಾಮದುರ್ಗದ ಸೆರೆಮನೆಯ ಮೇಲೆ ಏರಿಹೋದ, ಪೊಲೀಸರು ಪ್ರಾಣ ಕಳೆದುಕೊಂಡ ದುರಂತ ನಿಮಗೆ ತಿಳಿದದ್ದೇ. ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಮುಂಬಯಿಯ ಹೊಸ ಮಕ್ಕಳ ಕಾಯ್ದೆ ಬಂದದ್ದೂ ಅದೇ ವರ್ಷ.

ಈ ಕಾಯ್ದೆಗಳಿಗೆ ಒಂದು ದೊಡ್ಡ ಕೊರತೆಯಿತ್ತು. ಸವದತ್ತಿ ಎಲ್ಲಮ್ಮನ ಜಾತ್ರೆಯನ್ನೇ ತೆಗೆದುಕೊಳ್ಳಿ. ಭಾರತ ಹುಣ್ಣಿಮೆಯ ಗದ್ದಲದಲ್ಲಿ ತಾಯಿಯ ಸೆರಗು ಬಿಟ್ಟು ತಪ್ಪಿಸಿಕೊಂಡ ಮಗು ಒಂದು, ಅದೇ ಗದ್ದಲದಲ್ಲಿ ಯಾರದೋ ಕಿಸೆಗೆ ಕೈಹಾಕಿದ ಹುಡುಗ ಒಬ್ಬ. ಇಬ್ಬರೂ ಪೊಲೀಸರ ಕೈಗೆ ಬಂದರೆ ಹೋಗುವ ಜಾಗ ಒಂದೇ, ರಿಮಾಂಡ್ ಹೋಂ. ಅನಾಥ, ಕಳೆದುಹೋದವ, ಕದ್ದವ, ಎಲ್ಲರಿಗೂ ಒಂದೇ ಅಂಗಳ. ಮುಂಬಯಿಯ ಡೋಂಗ್ರಿಯಲ್ಲಂತೂ ಮಕ್ಕಳ ಮನೆ ನಡೆದದ್ದು ಹಳೆಯ ಉಮರ್‌ಖಾಡಿ ಜೇಲಿನ ಕಟ್ಟಡದಲ್ಲಿ. ಆ ಗೋಡೆಗಳ ಒಳಗೆ ಕೂತ ಮಗುವಿಗೆ ‘ನೀನು ಕೈದಿಯಲ್ಲ’ ಎಂದರೆ ನಂಬೀತೇ? ಆಸರೆ ಬೇಕಾದ ಮಕ್ಕಳಿಗೆ ಬಾಲಮಂದಿರ, ಖಟ್ಲೆಯಿರುವ ಮಕ್ಕಳಿಗೆ ವೀಕ್ಷಣಾಲಯ ಎಂದು ಕಾನೂನು ಸ್ಪಷ್ಟವಾಗಿ ಬೇರೆ ಮಾಡಿದ್ದು 2000ದ ಬಾಲನ್ಯಾಯ ಕಾಯ್ದೆಯಲ್ಲಿ.

ಅಷ್ಟರವರೆಗೆ ಏನಾಗುತ್ತಿತ್ತು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಕಾಗದಗಳೇ ಸಾಕ್ಷಿ. 1982ರಲ್ಲಿ ಕಾನ್ಪುರದ ಕೇಂದ್ರ ಕಾರಾಗೃಹದ ವಿಷಯ ಕೋರ್ಟಿಗೆ ಬಂತು. ವಿಚಾರಣೆಗೆ ಕಾದಿದ್ದ ಎಳೆಯ ಹುಡುಗರ ಮೇಲೆ ದೊಡ್ಡ ಕೈದಿಗಳು ಲೈಂಗಿಕ ಅತ್ಯಾಚಾರ ಮಾಡುತ್ತಿದ್ದಾರೆಂಬ ಪತ್ರಿಕಾ ವರದಿಯಿಂದ ಎದ್ದ ಪ್ರಕರಣವದು. ಇಂಥ ವಿಷಯ ನಮ್ಮ ಸಂಚಿಕೆಯಲ್ಲಿ ಬರೆಯಬೇಕೇ ಎಂದು ನಾನೂ ಎರಡು ಸಲ ಯೋಚಿಸಿದೆ. ಬರೆಯದೆ ಬಿಟ್ಟದ್ದರಿಂದಲೇ ಅದು ಅಷ್ಟು ವರ್ಷ ನಡೆಯಿತು ಅನ್ನಿಸಿ ಬರೆದಿದ್ದೇನೆ. ನಾಲ್ಕು ವರ್ಷದ ಮೇಲೆ ಪತ್ರಕರ್ತೆ ಶೀಲಾ ಬರ್ಸೆ ದೇಶದ ಜೇಲುಗಳಲ್ಲಿರುವ ಹದಿನಾರು ವರ್ಷದೊಳಗಿನ ಮಕ್ಕಳ ಲೆಕ್ಕ ಕೊಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಜಿಲ್ಲಾ ನ್ಯಾಯಾಧೀಶರೇ ಜೇಲುಗಳಿಗೆ ಹೋಗಿ ನೋಡಬೇಕೆಂದು ಕೋರ್ಟು ಆದೇಶಿಸಿತು. ಅದೇ 1986ರ ಡಿಸೆಂಬರಿನಲ್ಲಿ ಸಂಸತ್ತಿನ ಬಾಲನ್ಯಾಯ ಕಾಯ್ದೆ ಬಂತು, 1987ರ ಅಕ್ಟೋಬರ್ 2ರಂದು ಜಾರಿಯಾಯಿತು. ಮಗುವನ್ನು ಯಾವ ಕಾರಣಕ್ಕೂ ಪೊಲೀಸ್ ಲಾಕಪ್ಪಿನಲ್ಲಾಗಲಿ ಜೇಲಿನಲ್ಲಾಗಲಿ ಇಡಕೂಡದೆಂದು ದೇಶದ ತುಂಬ ಒಂದೇ ಮಾತು ಆದದ್ದು ಆಗ.

ಆದರೆ ಮಗು ಎಂದರೆ ಯಾರು? 1986ರ ಕಾಯ್ದೆಗೆ ಹುಡುಗನಾದರೆ 16ರ ಒಳಗೆ, ಹುಡುಗಿಯಾದರೆ 18ರ ಒಳಗೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲಿ ಒಪ್ಪಿಕೊಂಡ ಭಾರತ, 2000ದ ಕಾಯ್ದೆಯಲ್ಲಿ ಇಬ್ಬರಿಗೂ 18 ಮಾಡಿತು. ಯಾವ ದಿನದ ವಯಸ್ಸು, ತಪ್ಪು ನಡೆದ ದಿನದ್ದೋ ಕೋರ್ಟಿಗೆ ತಂದ ದಿನದ್ದೋ ಎಂಬ ಜಗಳಕ್ಕೆ 2005ರಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು: ತಪ್ಪು ನಡೆದ ದಿನದ್ದು. ದೆಹಲಿಯ 2012ರ ಘಟನೆಯ ಬಳಿಕ ದೇಶದಲ್ಲೆದ್ದ ಕೂಗಿಗೆ 2015ರ ಕಾಯ್ದೆ ಬಂತು. 16ರಿಂದ 18ರ ನಡುವಿನವರು ಘೋರ ಅಪರಾಧದಲ್ಲಿ ಸಿಕ್ಕರೆ ದೊಡ್ಡವರಂತೆ ವಿಚಾರಣೆಗೆ ಒಳಪಡಿಸಬಹುದು ಎಂದಿತು. ಅದು ಸರಿಯೋ ತಪ್ಪೋ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಹಾಗೆ ವಿಚಾರಣೆಗೆ ಹೋದವನನ್ನೂ 21 ತುಂಬುವವರೆಗೆ ಸುರಕ್ಷಿತ ಸ್ಥಳದಲ್ಲಿಡಬೇಕು, ಜೇಲಿನಲ್ಲಲ್ಲ ಎಂಬ ಮಾತನ್ನು ಮಾತ್ರ ವಾದದ ಭರದಲ್ಲಿ ಬಹಳ ಜನ ಮರೆಯುತ್ತಾರೆ.

ಹದಿನೆಂಟರ ಗೆರೆಯ ಈಚೆಗಿದ್ದವನಿಗೆ ಇಂದಿನ ಕಾನೂನು ಕೊಡುವ ರಕ್ಷಣೆ ಸಣ್ಣದಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ವಿಷಯ ನೋಡಿಕೊಳ್ಳುವ ಒಬ್ಬ ಅಧಿಕಾರಿ ಇರಬೇಕು. ಬೇಡಿ ಹಾಕುವಂತಿಲ್ಲ, ಲಾಕಪ್ಪಿನಲ್ಲಿಡುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಸೇವಕರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು. ಜಾಮೀನು ಕೊಡುವುದೇ ನಿಯಮ, ಕೊಡದಿದ್ದರೆ ಕಾರಣ ಬರೆಯಬೇಕು. ವೀಕ್ಷಣಾಲಯದಲ್ಲಿ ವಯಸ್ಸು ನೋಡಿ, ಅಪರಾಧದ ಸ್ವರೂಪ ನೋಡಿ ಬೇರೆಬೇರೆ ಇಡಬೇಕು. ಅಲ್ಲಿನ ಸಿಬ್ಬಂದಿ ಶಿಸ್ತಿನ ಹೆಸರಿನಲ್ಲಿ ಕೈಮಾಡಿದರೆ ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ದಂಡ. ಹುಡುಗನ ಹೆಸರು, ಶಾಲೆ, ಫೋಟೋ ಪತ್ರಿಕೆಯಲ್ಲಿ ಬರಕೂಡದು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ಮಂಡಳಿಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿರುವುದನ್ನು 2018ರಲ್ಲಿ ಸುಪ್ರೀಂ ಕೋರ್ಟೇ ಎತ್ತಿ ಹೇಳಿ, ಉಸ್ತುವಾರಿಯನ್ನು ಉಚ್ಚ ನ್ಯಾಯಾಲಯಗಳಿಗೆ ವಹಿಸಬೇಕಾಯಿತು.

ಗೆರೆಯ ಆಚೆಗಿದ್ದವನಿಗೆ ಇದರಲ್ಲಿ ಒಂದೂ ಇಲ್ಲ. ಈಗ ನನ್ನ ಸ್ವಂತದ ಮಾತು.

ನಮ್ಮ ಈ ಸೀಮೆಯ ಒಂದು ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟು ಗ್ಯಾರೇಜಿಗೆ ಸೇರಿದ. ಉಡಾಳನೇನಲ್ಲ, ಅಕ್ಷರ ದುಂಡಗೆ ಬರೆಯುತ್ತಿದ್ದ. ಒಂದು ಆಗಸ್ಟಿನಲ್ಲಿ ಮೊಬೈಲ್ ಕಳವಿನ ಆರೋಪದ ಮೇಲೆ ಅವನನ್ನು ಒಯ್ದರು. ತಾಯಿ ಮರುದಿನ ಬೆಳಿಗ್ಗೆ ನನ್ನ ಮನೆಗೆ ಬಂದಳು. “ಸರ್, ಅವಗ ಇನ್ನಾ ಹದಿನೆಂಟ ತುಂಬಿಲ್ರೀ. ದೀಪಾವಳಿ ಆಗಿ ಎಂಟ ದಿನಕ್ಕ ಹುಟ್ಯಾನ್ರೀ. ಸಾಲಿ ಕಾಗದ ತಾ ಅಂದಾರ” ಎಂದಳು. ಶಾಲೆಗೆ ಹೋಗಿ ದಾಖಲಾತಿ ರಜಿಸ್ಟರ್ ತೆಗೆದೆವು. ಅದರಲ್ಲಿ ಅವನ ಜನ್ಮ ದಿನಾಂಕ ಜೂನ್ 1.

ಓದುಗರಲ್ಲಿ ಶಿಕ್ಷಕರಾಗಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನಿನಲ್ಲಿ ಶಾಲೆ ಶುರು. ಮಗುವಿನ ವಯಸ್ಸು ಐದಾರು ತಿಂಗಳು ಸಾಲದು, ಅಥವಾ ತಾಯಿಗೆ ತಾರೀಖು ಗೊತ್ತಿಲ್ಲ. ಹೆಡ್‌ಮಾಸ್ತರರು ಜೂನ್ 1 ಎಂದು ಬರೆದು ಸೇರಿಸಿಕೊಳ್ಳುತ್ತಾರೆ. ಮಗು ಓಣಿಯಲ್ಲಿ ಅಲೆಯುವುದಕ್ಕಿಂತ ಶಾಲೆಯಲ್ಲಿ ಇರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಬರೆಯುವುದು. ನಾನೂ ಬರೆದಿದ್ದೇನೆ. ನವೆಂಬರಿನಲ್ಲಿ ಹುಟ್ಟಿದ ಈ ಹುಡುಗನ ನಿಜವಾದ ವಯಸ್ಸು ಆ ದಿನಕ್ಕೆ 17 ವರ್ಷ 9 ತಿಂಗಳು. ನಮ್ಮ ರಜಿಸ್ಟರಿನ ಪ್ರಕಾರ 18 ವರ್ಷ 2 ತಿಂಗಳು. 2015ರ ಕಾಯ್ದೆಯ 94ನೆಯ ಕಲಮಿನಂತೆ ವಯಸ್ಸಿಗೆ ಮೊದಲ ಸಾಕ್ಷ್ಯ ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ. ಅವು ಇಲ್ಲದಿದ್ದರೆ ಮಾತ್ರ ಪುರಸಭೆ, ಪಂಚಾಯಿತಿಯ ಜನನ ದಾಖಲೆ. ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಹೀಗೆ ನಮ್ಮ ಒಳ್ಳೆಯ ಮನಸ್ಸಿನ ಐದು ತಿಂಗಳು ಅವನನ್ನು ವೀಕ್ಷಣಾಲಯದ ಬದಲು ದೊಡ್ಡವರ ಕಾರಾಗೃಹಕ್ಕೆ ಕಳಿಸಿತು. ಜಾಮೀನು ಸಿಗುವವರೆಗೆ 23 ದಿನ ಅಲ್ಲಿದ್ದ. ಒಳಗೆ ಏನಾಯಿತೆಂದು ಅವನು ಯಾರಿಗೂ ಹೇಳಿಲ್ಲ. ರಾತ್ರಿ ದೀಪ ಆರಿಸಲು ಬಿಡುವುದಿಲ್ಲ ಎಂದು ತಾಯಿ ಹೇಳುತ್ತಾಳೆ.

ವಕೀಲರೊಬ್ಬರು ದಾರಿ ತೋರಿಸಿದ್ದಾರೆ. ತಾನು ಆಗ ಅಪ್ರಾಪ್ತನಾಗಿದ್ದೆ ಎಂಬ ಮಾತನ್ನು ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿ ಬೇಕಾದರೂ ಎತ್ತಬಹುದೆಂದು 9ನೆಯ ಕಲಮು ಹೇಳುತ್ತದೆ. ಯಾರು ಹೇಳಿದ್ದರ ಮೇಲೆ ಬರೆದದ್ದೆಂದು ತೋರಿಸಲಾಗದ ಶಾಲಾ ದಾಖಲೆಗೆ ಹೆಚ್ಚಿನ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲಿಯೇ, ಒಂದು ಚುನಾವಣಾ ತಕರಾರಿನಲ್ಲಿ, ಹೇಳಿದೆ. ಶಾಲೆ ಬಿಟ್ಟಾಗ ಕೊಡುವ ಬರೀ ವರ್ಗಾವಣೆ ಪತ್ರ ಈ ಕಲಮಿಗೆ ಸಾಲದೆಂದು 2023ರಲ್ಲಿ ಹೇಳಿದೆ. ತಾಯಿ ಹೆರಿಗೆಯಾದ ಆಸ್ಪತ್ರೆಯ ಚೀಟಿ ಹುಡುಕಿ, ಜನನ ದಾಖಲೆಯ ಉತಾರ ತೆಗೆಸಿದ್ದಾಳೆ. ಅದರಲ್ಲಿ ನವೆಂಬರ್ ಇದೆ.

ಅರ್ಜಿಯ ವಿಚಾರಣೆ ಮುಂದಿನ ತಿಂಗಳು. ರಜಿಸ್ಟರ್ ತೆಗೆದುಕೊಂಡು ಬರಬೇಕೆಂದು ಶಾಲೆಗೆ ಸಮನ್ಸು ಬಂದಿದೆ. ಅದನ್ನು ಬರೆದ ಹೆಡ್‌ಮಾಸ್ತರರು ಈಗ ಇಲ್ಲ, ನಾನೇ ಹೋಗಬೇಕು. ಅವನ ಹೆಸರಿರುವ ಪುಟವನ್ನು ನಿನ್ನೆ ಮತ್ತೆ ತೆರೆದು ನೋಡಿದೆ. ಆ ವರ್ಷ ಸೇರಿದ ಮಕ್ಕಳಲ್ಲಿ ಮುಕ್ಕಾಲು ಪಾಲು ಮಕ್ಕಳು ಹುಟ್ಟಿದ್ದು ಜೂನ್ 1ರಂದು.